ಬಸವಿ: ಒಂದು ಮಾತಿನ ಮೂಲ ಮತ್ತು ಅರ್ಥ

ಕೆಲವು ವರ್ಷಗಳ ಹಿಂದೆ ಹಂಪಿಯ ವಿರೂಪಾಕ್ಷ ದೇವಾಲಯದ ರಥಬೀದಿಯಲ್ಲಿ, ಜಪಾನಿನಿಂದ ಬಂದಿದ್ದ ಒಬ್ಬ ಹಿರಿಯ ಮಹಿಳೆಯ ಜೊತೆಯಲ್ಲಿ ನಾನು ನಿಂತಿದ್ದೆ. ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಕುಣಿಯುವ ಹೆಂಗಳೆಯರ ಸಾಲನ್ನು ನೋಡಿಕೊಂಡು ಆಗತಾನೆ ಬಂದಿದ್ದೆವು. ಎದುರಿನಿಂದ ಇಬ್ಬರು ಜೋಗತಿಯರು ಬಂದರು. ಒಬ್ಬಾಕೆಯ ತಲೆಯ ಮೇಲೆ ದೇವಿಯನ್ನು ಕೂಡಿಸಿದ ಬುಟ್ಟಿ. ಇನ್ನೊಬ್ಬಾಕೆಯ ಕೈಯಲ್ಲಿ ಚೌಡಿಕೆ. ಇಬ್ಬರ ಹಣೆಯಲ್ಲೂ ಭಂಡಾರ. ನನ್ನ ಅತಿಥಿ ತಟ್ಟನೆ ನಿಂತರು. ತಮ್ಮ ಮಾತಿನಲ್ಲಿ ಒಂದೇ ಒಂದು ಪದವನ್ನು ಮೆಲ್ಲಗೆ ನುಡಿದರು: ‘ಮಿಕೊ’.

ಅನಂತರ ಅವರು ಕೇಳಿದ ಪ್ರಶ್ನೆ ಸರಳವಾದದ್ದು. ದೇವರಿಗೆ ಬಿಟ್ಟ ಇಂಥ ಹೆಣ್ಣುಮಕ್ಕಳನ್ನು ನಿಮ್ಮ ಭಾಷೆಯಲ್ಲಿ ಏನೆನ್ನುತ್ತಾರೆ? ‘ಜೋಗತಿ’ ಎಂದೆ. ಅದೊಂದೇ ಹೆಸರೋ, ಬೇರೆಯೂ ಉಂಟೋ ಎಂದರು. ಬೇರೆಯೂ ಉಂಟು; ಆದರೆ ನಾಲಗೆ ತಡವರಿಸಿತು. ಬಸವಿ, ಪಾತರದವಳು, ಸೂಳೆ: ಒಂದೊಂದೂ ನಮ್ಮಲ್ಲಿ ಬೈಗುಳವಾಗಿ ಕುಳಿತಿರುವ ಮಾತು. ಬದುಕಿನುದ್ದಕ್ಕೂ ಕನ್ನಡ ಪಾಠ ಹೇಳಿದವನು ಕನ್ನಡದ ಮೂರು ಪದಗಳನ್ನು ಪರದೇಶದವರ ಎದುರಿಗೆ ಉಚ್ಚರಿಸಲು ನಾಚಿದೆ. ಆ ದಿನ ಕೊಡದೆ ಉಳಿಸಿಕೊಂಡ ಉತ್ತರವೇ ಇಂದಿನ ನನ್ನ ಮಾತಿನ ವಿಷಯ.

ಮೊದಲು ‘ಮಿಕೊ’ ಎಂಬ ಪದವನ್ನು ನೋಡೋಣ. ಜಪಾನಿನ ಶಿಂತೊ ಗುಡಿಗಳಲ್ಲಿ ಬಿಳಿಯ ಅಂಗಿ, ಕೆಂಪು ಲಂಗ ತೊಟ್ಟು ಸೇವೆ ಮಾಡುವ ಕನ್ನೆಯರಿಗೆ ಇಂದು ಆ ಹೆಸರು. ಅವರು ದೇವರ ಮುಂದೆ ‘ಕಗುರ’ ಎಂಬ ನೃತ್ಯವನ್ನು ಆಡುತ್ತಾರೆ, ಭಕ್ತರಿಗೆ ರಕ್ಷೆಗಳನ್ನು ಕೊಡುತ್ತಾರೆ. ಹೊಸವರ್ಷದ ಜಂಗುಳಿಯ ದಿನಗಳಲ್ಲಿ ಕಾಲೇಜಿನ ಹುಡುಗಿಯರು ದಿನಗೂಲಿಗೆ ಮಿಕೊ ಆಗುವುದೂ ಉಂಟು. ಕೆಲವು ವರ್ಷ ಸೇವೆ ಮಾಡಿ, ಮದುವೆಯಾಗಿ, ತಮ್ಮ ಮನೆ ಸೇರಿಕೊಳ್ಳಲು ಅಡ್ಡಿಯಿಲ್ಲ. ಪದವನ್ನು ಬಿಡಿಸಿದರೆ ‘ಕೊ’ ಎಂದರೆ ಮಗು. ‘ಮಿ’ ಎಂಬುದು ಗೌರವವನ್ನು ಸೂಚಿಸುವ ಉಪಸರ್ಗ. ದೇವರ ಮಗು ಎಂಬರ್ಥದ ‘ಕಮಿಕೊ’ ಎಂಬುದೇ ಸವೆದು ‘ಮಿಕೊ’ ಆಯಿತೆಂದು ಹೇಳುವವರೂ ಇದ್ದಾರೆ. ಹೇಗೆ ಬಿಡಿಸಿದರೂ ಒಳಗೆ ಕಾಣುವುದು ಒಂದು ಮಗು. ಬರವಣಿಗೆಯಲ್ಲಿ ಮಾತ್ರ ಬೇರೆ ನೆನಪು ಉಳಿದಿದೆ. ಅದನ್ನು ಬರೆಯಲು ರೂಢಿಯಲ್ಲಿರುವ ಚೀನೀ ಅಕ್ಷರಗಳ ಅರ್ಥ, ದೇವರು ಮೈದುಂಬುವ ಹೆಂಗಸು ಎಂದು. ಕ್ರಿಸ್ತಶಕ 712ರಲ್ಲಿ ಸಂಕಲನಗೊಂಡ ‘ಕೊಜಿಕಿ’ ಎಂಬ ಪುರಾಣಗ್ರಂಥದಲ್ಲಿ, ಸೂರ್ಯದೇವಿ ಮುನಿದು ಗವಿಯಲ್ಲಿ ಅಡಗಿ ಲೋಕವೆಲ್ಲ ಕತ್ತಲಾದಾಗ, ಉಜುಮೆ ಎಂಬ ದೇವತೆ ಆವೇಶದಿಂದ ಕುಣಿದು ಅವಳನ್ನು ಹೊರಗೆ ಬರಿಸುತ್ತಾಳೆ. ಮಿಕೊಗಳ ನೃತ್ಯಕ್ಕೆ ಆ ಕುಣಿತವೇ ಮೂಲವೆಂದು ಅಲ್ಲಿನ ನಂಬಿಕೆ.

ಗುಡಿಯ ಮಿಕೊ ಒಂದು ಬಗೆಯಾದರೆ, ಊರೂರು ಅಲೆಯುವ ಮಿಕೊ ಇನ್ನೊಂದು ಬಗೆ. ಈಕೆ ಸಣ್ಣ ಬಿಲ್ಲಿನ ಹೆದೆಯನ್ನು ಮಿಡಿದು ದೇವರನ್ನೂ ಸತ್ತವರನ್ನೂ ಕರೆಯುತ್ತಿದ್ದಳು. ಅವರು ಅವಳ ಬಾಯಿಂದ ಮಾತಾಡುತ್ತಿದ್ದರು. ಜಾನಪದ ವಿದ್ವಾಂಸ ಯನಗಿತ ಕುನಿಯೊ 1913-14ರಲ್ಲಿ ಬರೆದ ಲೇಖನಗಳಲ್ಲಿ ಈ ಎರಡು ಬಗೆಯವರೂ ಮೂಲದಲ್ಲಿ ಒಂದೇ ಎಂದು ವಾದಿಸಿದರು. ಆದರೆ ಅಷ್ಟು ಹೊತ್ತಿಗೆ ಅಲ್ಲಿನ ಸರ್ಕಾರ ಎರಡನ್ನೂ ಕತ್ತರಿಸಿ ಬೇರೆ ಮಾಡಿಯಾಗಿತ್ತು. 1873ರಲ್ಲಿ ಮೆಯಿಜಿ ಸರ್ಕಾರ ಮೈದುಂಬಿ ನುಡಿಯುವುದನ್ನು ನಿಷೇಧಿಸಿತು. ಗುಡಿಯ ಶಾಂತಳಾದ ಕನ್ನೆಗೆ ‘ಮಿಕೊ’ ಎಂಬ ಹೆಸರು ಉಳಿಯಿತು, ಮರ್ಯಾದೆಯೂ ಉಳಿಯಿತು. ಬಿಲ್ಲು ಮಿಡಿದು ಅಲೆಯುತ್ತಿದ್ದವಳು ಮರೆಗೆ ಸರಿದಳು. ನನ್ನ ಅತಿಥಿ ನಮ್ಮ ಜೋಗತಿಯ ಒಂಟಿ ತಂತಿಯ ಚೌಡಿಕೆಯನ್ನು ಕಂಡು ಬೆರಗಾದದ್ದು ಬಹುಶಃ ಈ ಎರಡನೆಯವಳನ್ನು ನೆನೆದು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಇಂಥ ಸೇವೆಯವಳಿಗೆ ಹಳೆಯ ಜಪಾನೀ ಭಾಷೆಯಲ್ಲಿ ‘ಕನ್ನಗಿ’ ಎಂಬ ಇನ್ನೊಂದು ಹೆಸರಿದೆ. ದೇವರನ್ನು ಶಾಂತಪಡಿಸುವವಳು ಎಂದು ಅದರ ಅರ್ಥ. ತಮಿಳಿನ ಕಣ್ಣಗಿಯನ್ನು ಬಲ್ಲ ನಮಗೆ ಮೈ ಜುಮ್ಮೆನ್ನುವುದು ಸಹಜ. ಸುಸುಮು ಒನೊ ಎಂಬ ವಿದ್ವಾಂಸರು ಜಪಾನೀ ಭಾಷೆಗೂ ತಮಿಳಿಗೂ ನಂಟು ಹೇಳಲು ಯತ್ನಿಸಿದ್ದೂ ಉಂಟು. ಭಾಷಾವಿಜ್ಞಾನಿಗಳು ಹೆಚ್ಚಾಗಿ ಅದನ್ನು ಒಪ್ಪಲಿಲ್ಲ. ಎರಡು ಪದಗಳು ಕಿವಿಗೆ ಒಂದೇ ಬಗೆಯಾಗಿ ಕೇಳಿದ ಮಾತ್ರಕ್ಕೆ ನೆಂಟರಾಗುವುದಿಲ್ಲ. ಆದುದರಿಂದ ನಾನು ಹೋಲಿಸುವುದು ಪದಗಳ ಧ್ವನಿಯನ್ನಲ್ಲ. ಪದಗಳಿಗೆ ಒದಗಿದ ಗತಿಯನ್ನು.

ನಮ್ಮ ಪದಗಳಿಗೆ ಏನು ಗತಿ ಒದಗಿತು? ಬಾದಾಮಿಯ ಬಳಿಯ ಮಹಾಕೂಟದಲ್ಲಿ ಚಾಲುಕ್ಯ ವಿಜಯಾದಿತ್ಯನ ಕಾಲದ, ಎಂದರೆ ಸುಮಾರು 1,300 ವರ್ಷ ಹಳೆಯ, ಒಂದು ಕನ್ನಡ ಶಾಸನವಿದೆ. ರಾಜನ ಪ್ರಾಣವಲ್ಲಭೆಯಾದ ವಿನಾಪೋಟಿ ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಅರ್ಪಿಸಿದಳೆಂದು ಅದು ಹೇಳುತ್ತದೆ. ಅವಳನ್ನು ಕರೆಯುವ ಪದ ‘ಸೂಳೆಯರ್’. ಅವಳೊಬ್ಬಳೇ ಆದರೂ ಬಹುವಚನ. ಎಂದರೆ ಗೌರವದ ವಚನ. ಅವಳ ವಂಶವನ್ನು ಹೇಳುವಾಗ ಶಾಸನ ತಂದೆಯನ್ನು ಹುಡುಕುವುದಿಲ್ಲ. ತಾಯಿಯನ್ನೂ ತಾಯಿಯ ತಾಯಿಯನ್ನೂ ಹೆಸರಿಸುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಸಂಕವ್ವೆ ಎಂಬ ವಚನಕಾರ್ತಿಯ ಹೆಸರಿನ ಹಿಂದೆಯೂ ಆ ಪದ ನಿಂತಿದೆ. ಶರಣರ ಸಾಲಿನಲ್ಲಿ ಕೂರಲು ಅದು ಅವಳಿಗೆ ಅಡ್ಡಿಯಾಗಲಿಲ್ಲ. ಇನ್ನು ನಮ್ಮ ವಿಜಯನಗರಕ್ಕೆ ಬಂದರೆ, ಸುಮಾರು 1520ರಲ್ಲಿ ಇಲ್ಲಿದ್ದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪೇಸ್, ದೇವಾಲಯದ ಹೆಂಗಸರು ಊರಿನ ಒಳ್ಳೆಯ ಬೀದಿಗಳಲ್ಲಿ ವಾಸಿಸುತ್ತಿದ್ದರೆಂದು ಬರೆದಿದ್ದಾನೆ. ಬೇರೆ ಯಾರಿಗೂ ಇಲ್ಲದ ಒಂದು ಅಧಿಕಾರ ಅವರಿಗಿತ್ತಂತೆ: ರಾಣಿಯರ ಬಳಿಗೆ ಹೋಗಿ ಅವರೊಡನೆ ಕುಳಿತು ತಾಂಬೂಲ ಮೆಲ್ಲುವುದು.

1534ರಲ್ಲಿ ಕಟ್ಟಿದ ತಿರುವೆಂಗಳನಾಥನ ಗುಡಿಯನ್ನು ನಾವು ಅಚ್ಯುತರಾಯನ ಗುಡಿ ಎನ್ನುತ್ತೇವೆ. ಅದರ ಮುಂದಿನ ವಿಶಾಲವಾದ ಬೀದಿಯ ಹೆಸರು ಅಚ್ಯುತಪೇಟೆ. ಇಂದು ಬಾಯಿಂದ ಬಾಯಿಗೆ ಅದು ‘ಸೂಳೆ ಬಜಾರ’ ಎಂದು ನಡೆಯುತ್ತಿದೆ. ಆ ಹೆಸರನ್ನು ಹೇಳುವವನ ತುಟಿಯಲ್ಲೂ ಕೇಳುವವನ ತುಟಿಯಲ್ಲೂ ಒಂದು ಕಿರುನಗೆ. ಪಂಪೆ ಹಂಪೆಯಾದಾಗ ಪಕಾರ ಹೋಗಿ ಹಕಾರ ಬಂತು. ದೇವಿಯ ಮಹಿಮೆ ಕುಂದಲಿಲ್ಲ. ‘ಸೂಳೆ’ ಎಂಬ ಪದದಲ್ಲಿ ಒಂದಕ್ಷರವೂ ಬದಲಾಗಲಿಲ್ಲ; ಆದರೆ ಮಾಣಿಕ್ಯದ ಪೀಠವನ್ನು ಕೊಟ್ಟವಳು ಕಿರುನಗೆಗೆ ಗುರಿಯಾದಳು.

ಇವೆಲ್ಲ ಅರಮನೆಯ, ದೊಡ್ಡ ಗುಡಿಗಳ ನೆರಳಿನ ಮಾತುಗಳು. ಹೊಸಪೇಟೆ, ಸಂಡೂರು, ಕಂಪ್ಲಿಗಳ ಸುತ್ತಣ ಹಳ್ಳಿಗಳಲ್ಲಿ ಬದುಕಿದ ಮಾತು ಬೇರೊಂದು. ಅದು ‘ಬಸವಿ’. ಇದರ ವ್ಯುತ್ಪತ್ತಿಗೆ ನಿಘಂಟು ಬೇಕಿಲ್ಲ. ‘ವೃಷಭ’ ಎಂಬುದರ ತದ್ಭವ ‘ಬಸವ’. ಅದರ ಸ್ತ್ರೀಲಿಂಗ ‘ಬಸವಿ’. ಆದರೆ ಕ್ಷಣಕಾಲ ನಿಂತು ಯೋಚಿಸಬೇಕು. ಎತ್ತಿನ ಹೆಣ್ಣು ಆಕಳು. ಅದಕ್ಕೆ ಬೇರೆ ಪದವಿದೆ. ಹಾಗಾದರೆ ‘ಬಸವಿ’ ಯಾರು? ಊರಿನಲ್ಲಿ ದೇವರ ಹೆಸರಿನಲ್ಲಿ ಮುದ್ರೆಯೊತ್ತಿ ಬಿಟ್ಟ ಬಸವ ಯಾರ ನೊಗಕ್ಕೂ ಹೂಡದ, ಯಾರ ಗೂಟಕ್ಕೂ ಕಟ್ಟದ ಪ್ರಾಣಿ. ಹಾಗೆ ಬಿಟ್ಟ ಹೆಣ್ಣು ಬಸವಿ. ನಮ್ಮ ಕಡೆಯ ಮಾತೂ ‘ಬಸವಿ ಮಾಡಿದರು’ ಎಂದಲ್ಲ, ‘ಬಸವಿ ಬಿಟ್ಟರು’ ಎಂದೇ.

ಬಿಟ್ಟದ್ದೇಕೆ? 1890ರ ದಶಕದ ಆರಂಭದಲ್ಲಿ ಫಾಸೆಟ್ ಎಂಬ ಮದರಾಸು ಪ್ರಾಂತದ ಪೊಲೀಸ್ ಅಧಿಕಾರಿ ಬಳ್ಳಾರಿ ಸೀಮೆಯ ಬಸವಿಯರನ್ನು ಕುರಿತು ಮುಂಬಯಿಯ ವಿದ್ವತ್ ಪತ್ರಿಕೆಯೊಂದರಲ್ಲಿ ಲೇಖನ ಬರೆದ. ಅದರ ಶೀರ್ಷಿಕೆಯಲ್ಲಿಯೇ ಅವನು ಅವರನ್ನು ದೇವರಿಗೆ ಅರ್ಪಿತರಾಗಿ ಗಂಡಸಿನ ಹಕ್ಕುಗಳನ್ನು ಪಡೆಯುವ ಹೆಂಗಸರೆಂದು ಬಣ್ಣಿಸಿದ್ದಾನೆ. ಗಂಡುಮಕ್ಕಳಿಲ್ಲದ ಮನೆಯವರು ಒಬ್ಬ ಮಗಳನ್ನು ದೇವರಿಗೆ ಬಿಡುತ್ತಿದ್ದರು. ತುದಿಗೆ ನಿಂಬೆಹಣ್ಣು ಚುಚ್ಚಿದ ಕತ್ತಿಯೇ ಮದುವಣಿಗ. ತಾಳಿ ಕಟ್ಟುತ್ತಿದ್ದರು, ತೋಳಿನ ಮೇಲೆ ಶಂಖಚಕ್ರಗಳ ಮುದ್ರೆ ಒತ್ತುತ್ತಿದ್ದರು. ಅಂದಿನಿಂದ ಅವಳು ಮಗಳಲ್ಲ, ಮಗ. ತಂದೆಯ ಮನೆಯಲ್ಲೇ ಉಳಿಯುವಳು, ಹೊಲಮನೆಗೆ ಹಕ್ಕುದಾರಳಾಗುವಳು, ತಂದೆ ತೀರಿದರೆ ಕರ್ಮ ಮಾಡುವಳು, ಅವಳ ಮಕ್ಕಳು ಅವಳ ತಂದೆಯ ಮನೆತನದ ಹೆಸರನ್ನು ಹೊರುವರು. ‘ಮಿಕೊ’ ಎಂಬ ಪದದೊಳಗೆ ಒಂದು ಮಗು ಅಡಗಿದ್ದರೆ, ‘ಬಸವಿ’ ಎಂಬ ಪದದೊಳಗೆ ಒಬ್ಬ ಮಗ ಅಡಗಿದ್ದಾನೆ.

ಇದನ್ನು ನಾನು ಪುಸ್ತಕದಿಂದ ತಿಳಿಯುವ ಮೊದಲೇ ಒಬ್ಬ ತಾಯಿ ನನಗೆ ತಿಳಿಸಿಕೊಟ್ಟಿದ್ದಳು. 1980ರ ದಶಕದ ಮೊದಲ ವರ್ಷಗಳು. ಕಂಪ್ಲಿಯ ಕಡೆ ಹೊಳೆಯಂಚಿನ ಗದ್ದೆಬಯಲಿನ ಒಂದು ಹಳ್ಳಿಯಲ್ಲಿ ನಾನು ಹೊಸದಾಗಿ ಮೇಷ್ಟರಾಗಿದ್ದೆ. ನಾಟಿಯ ಕೆಸರು ಇನ್ನೂ ಕಾಲಲ್ಲಿದ್ದ ಒಬ್ಬ ಹೆಂಗಸು ಮಗಳನ್ನು ಶಾಲೆಗೆ ಸೇರಿಸಲು ಬಂದಳು. ದಾಖಲಾತಿಯ ಪುಸ್ತಕದಲ್ಲಿ ಮಗುವಿನ ಹೆಸರು ಬರೆದೆ. ತಂದೆಯ ಹೆಸರು ಕೇಳಿದೆ. ಆಕೆ ತಲೆ ತಗ್ಗಿಸಲಿಲ್ಲ. “ಅಪ್ಪನ ಹೆಸರ್ಯಾಕೆ ಮೇಷ್ಟ್ರೇ? ನನ್ನ ಹೆಸರೇ ಬರ್ಕಳ್ರಿ. ನಮ್ಮಪ್ಪಗ ನಾನೇ ಗಂಡುಮಗ” ಎಂದಳು. ಹಾಗೆ ಬರೆಯಲು ನಿಯಮವಿಲ್ಲವೆಂದೆ. “ಹಂಗಾದ್ರ ದೇವರ ಹೆಸರು ಬರೀರಿ” ಎಂದಳು. ಅದಕ್ಕೂ ನಿಯಮವಿರಲಿಲ್ಲ. ನಾನು ಆ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದೆ. ಆ ಗೆರೆಯನ್ನು ಹಿರಿಯ ಹುಡುಗರು ಹೇಗೋ ಕಂಡುಹಿಡಿದರು. ಅಂಗಳದಲ್ಲಿ ಆ ಮಗುವನ್ನು ಅವಳ ತಾಯಿಯ ಪದದಿಂದಲೇ ಕರೆದು ನಕ್ಕರು. ಮರುವರ್ಷ ಹುಡುಗಿ ಶಾಲೆಗೆ ಬರಲಿಲ್ಲ. ಏಕೆಂದು ನಾನು ವಿಚಾರಿಸಲೂ ಇಲ್ಲ. ತಾಯಿಗೆ ಅಧಿಕಾರವನ್ನು ಸೂಚಿಸುತ್ತಿದ್ದ ಪದ ಒಂದೇ ತಲೆಮಾರಿನಲ್ಲಿ ಮಗಳಿಗೆ ಕಲ್ಲಾಯಿತು. ಆ ಕಲ್ಲು ತೂರಿದ ಕೈಗಳಲ್ಲಿ ಗೆರೆ ಎಳೆದ ನನ್ನ ಕೈಯೂ ಒಂದು.

ಹಾಗೆಂದು ಹಳೆಯ ಪದ್ಧತಿಯನ್ನು ಕೊಂಡಾಡಲು ನಾನು ಹೊರಟಿಲ್ಲ. ಪದದ ಅರ್ಥವನ್ನು ಪೂರ್ತಿಯಾಗಿ ಓದಿದರೆ ಕೊಂಡಾಟಕ್ಕೆ ಎಡೆಯೂ ಇಲ್ಲ. ಬಿಟ್ಟ ಬಸವ ಯಾರ ಹೊಲಕ್ಕೆ ನುಗ್ಗಿ ಮೇಯ್ದರೂ ಹೊಡೆಯುವವರಿಲ್ಲ. ಬಿಟ್ಟ ಬಸವಿಯ ಪಾಲಿಗೆ ಇದು ತಲೆಕೆಳಗು: ಇಲ್ಲಿ ಮೇಯ್ದವರು ಬೇರೆಯವರು, ಮೇಯಿಸಿಕೊಂಡ ಹೊಲ ಅವಳದು, ಅವರನ್ನೂ ಹೊಡೆಯುವವರಿರಲಿಲ್ಲ. ಬಸವಿಯಾದವಳು ಮದುವೆಯಾಗುವಂತಿಲ್ಲ. ಅವಳ ಬಳಿಗೆ ಬಂದ ಗಂಡಸಿಗೆ ಅವಳನ್ನು ಸಾಕುವ ಹೊಣೆಯಿಲ್ಲ. ಹುಟ್ಟಿದ ಮಕ್ಕಳಿಗೆ ಹೆಸರು ಕೊಡುವ ಹೊಣೆಯೂ ಇಲ್ಲ. ಹೀಗೆ ಬಿಟ್ಟವರ ಮನೆಗಳಾದರೂ ಬಹುಮಟ್ಟಿಗೆ ಊರಾಚೆಯ ಕೇರಿಯವು, ಬೇಡರ ಹಟ್ಟಿಯವು. ಹೊಲವೇ ಇಲ್ಲದ ಮನೆಯಲ್ಲಿ ಗಂಡುಮಗನ ಹಕ್ಕು ಪಡೆದವಳಿಗೆ ಬಂದದ್ದು ಮುದುಕರಾದ ತಂದೆತಾಯಿಯರನ್ನು ಸಾಕುವ ಭಾರ ಮಾತ್ರ. ಪದ ಮಗನೆಂದಿತು, ಬದುಕು ಅವಳನ್ನು ದುಡಿಯುವ ಎತ್ತಾಗಿಸಿತು.

ಸಂಡೂರಿನ ಬೆಟ್ಟದ ಮೇಲೆ ಕುಮಾರಸ್ವಾಮಿಯ ಪ್ರಾಚೀನ ದೇವಾಲಯವಿದೆ. ಸ್ವಾಮಿ ಬ್ರಹ್ಮಚಾರಿ, ಒಳಗೆ ಹೆಂಗಸರು ಹೋಗಬಾರದೆಂಬುದು ಬಹುಕಾಲದ ಕಟ್ಟಳೆ. ತಾಯಿ ಪಾರ್ವತಿಗೂ ಪಕ್ಕದಲ್ಲಿ ಬೇರೆಯ ಗುಡಿ. ಬೆಟ್ಟದ ಮೇಲೆ ದೇವರ ಮುಖ ನೋಡಬಾರದವಳು ಹೆಣ್ಣು. ಬೆಟ್ಟದ ಕೆಳಗೆ ದೇವರಿಗೇ ಕೊಟ್ಟುಬಿಡಬಹುದಾದವಳೂ ಹೆಣ್ಣು. ಎರಡು ಕಟ್ಟಳೆಗಳೂ ಮೇಲುನೋಟಕ್ಕೆ ಎದುರುಬದುರು. ಒಂದು ವಿಷಯದಲ್ಲಿ ಮಾತ್ರ ಎರಡೂ ಒಂದೇ. ‘ನಿನ್ನ ಮನಸ್ಸಿನಲ್ಲಿ ಏನಿದೆ’ ಎಂದು ಎರಡೂ ಅವಳನ್ನು ಕೇಳಲಿಲ್ಲ.

ಈಗ ಕಾನೂನಿನ ಮಾತಿಗೆ ಬರೋಣ. ಬಳ್ಳಾರಿ ಸೀಮೆ 1953ರವರೆಗೆ ಮದರಾಸಿಗೆ ಸೇರಿತ್ತು. ಅಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು 1920ರ ದಶಕದಲ್ಲಿ ಆರಂಭಿಸಿದ ಹೋರಾಟದ ಫಲವಾಗಿ 1947ರಲ್ಲಿ ನಿಷೇಧದ ಶಾಸನವಾಯಿತು. ಅನಂತರ ಕರ್ನಾಟಕದ್ದೇ ಆದ ಶಾಸನ 1982ರಲ್ಲಿ ಬಂತು. ಈ ಶಾಸನಗಳು ಆಯ್ದುಕೊಂಡ ಪದ ‘ದೇವದಾಸಿ’. ಬಸವಿ, ಜೋಗತಿ, ಪಾತರದವಳು ಎಲ್ಲರೂ ಆ ಒಂದೇ ಪದದ ಕೆಳಗೆ ಬಂದರು. ನಮ್ಮ ಹಳ್ಳಿಗಳಲ್ಲಿ ಅಪರೂಪವಾಗಿದ್ದ ಆ ಸಂಸ್ಕೃತ ಪದ ಕಚೇರಿಯಿಂದ ಊರಿಗೆ ಇಳಿದು ಬಂತು. ನಷ್ಟವೋ ಲಾಭವೋ? ಎರಡೂ. ‘ಮಗ’ ಎಂಬ ಸಿಹಿಯಾದ ಹೊದಿಕೆಯನ್ನು ಸರಿಸಿ, ಒಳಗಿದ್ದ ದಾಸ್ಯವನ್ನು ‘ದಾಸಿ’ ಎಂದು ನೇರವಾಗಿ ಹೆಸರಿಸಿದ್ದು ಲಾಭ. ಆದರೆ ತಂದೆಯ ಮನೆಗೆ ಹಕ್ಕುದಾರಳಾಗಿ ನಿಂತಿದ್ದವಳ ಎದೆಗಾರಿಕೆಯೂ ಆ ಪದದಲ್ಲಿ ಅಳಿಸಿಹೋಯಿತು. 1993-94 ಮತ್ತು 2007-08ರ ಸಮೀಕ್ಷೆಗಳು ರಾಜ್ಯದಲ್ಲಿ 46,660 ಮಂದಿಯನ್ನು ದೇವದಾಸಿಯರೆಂದು ಗುರುತಿಸಿದವು. ಇಷ್ಟು ಜನರ ಮಕ್ಕಳು ಶಾಲೆಯ ಪುಸ್ತಕದ ಆ ಅಂಕಣದ ಮುಂದೆ ನಿಂತಿರಬೇಕಲ್ಲವೆ? 2025ರಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆದ ಹೊಸ ವಿಧೇಯಕ, ಈ ಮಕ್ಕಳ ಗುರುತನ್ನೂ ತಂದೆಯಿಂದ ಅವರಿಗೆ ಸಲ್ಲಬೇಕಾದುದನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು.

ಬಸವಿ ಎಂಬ ಪದದ ಬೇರನ್ನು ಮುಟ್ಟಿದ ಶಾಸನ ಮಾತ್ರ ಇನ್ನೊಂದು. ಅದರಲ್ಲಿ ದೇವರ ಹೆಸರೇ ಇಲ್ಲ. ಕರ್ನಾಟಕ ಹಿಂದೂ ಉತ್ತರಾಧಿಕಾರದ ಕಾಯಿದೆಗೆ ತಿದ್ದುಪಡಿ ತಂದು, 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಜನ್ಮತಃ ಪಾಲು ಕೊಟ್ಟಿತು. 2005ರಲ್ಲಿ ಇಡೀ ದೇಶಕ್ಕೆ ಅದು ಅನ್ವಯವಾಯಿತು. ಮಗಳು ಮಗಳಾಗಿಯೇ ಹಕ್ಕುದಾರಳಾಗಬಹುದಾದರೆ ಅವಳನ್ನು ಮಗನನ್ನಾಗಿ ಮಾಡಲು ದೇವರನ್ನು ಏಕೆ ಕರೆಯಬೇಕು? ಕತ್ತಿಗೆ ನಿಂಬೆಹಣ್ಣು ಏಕೆ ಚುಚ್ಚಬೇಕು? ಮಗಳಿಗೆ ಪಾಲು ಕೊಡಲಾರದ ಸಮಾಜ ತನ್ನ ಸಂಕೋಚವನ್ನು ಮುಚ್ಚಿಕೊಳ್ಳಲು ಹೊದ್ದ ಹೊದಿಕೆಯೇ ಆ ಪದವಾಗಿತ್ತು ಎಂದು ನನಗೆ ತೋರುತ್ತದೆ.

ಹೊಸಪೇಟೆಯಿಂದ ಹೊಳೆ ದಾಟಿದರೆ ಹುಲಿಗಿ. ಅಲ್ಲಿ ಹುಲಿಗೆಮ್ಮನ ಸನ್ನಿಧಿ. ಮೈಮೇಲೆ ದೇವಿ ಬಂದ ಗಂಡುಮಕ್ಕಳು ಸೀರೆಯುಟ್ಟು ಜೋಗತಿಯರಾಗುವುದೂ ಆ ಸನ್ನಿಧಿಯಲ್ಲಿ ಉಂಟು. ಹಾಗೆ ದೀಕ್ಷೆ ಪಡೆದು, ಮರಿಯಮ್ಮನಹಳ್ಳಿಯಲ್ಲಿ ನೆಲೆಸಿ, ಜೋಗತಿ ನೃತ್ಯವನ್ನು ರಂಗಕ್ಕೆ ತಂದವರು ಮಂಜಮ್ಮ. ಭಿಕ್ಷೆಯನ್ನೂ ಅವಮಾನವನ್ನೂ ಕಂಡ ಆ ಜೀವ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಪೀಠವನ್ನು ಏರಿತು. 2021ರಲ್ಲಿ ಪದ್ಮಶ್ರೀ ಪಡೆಯಿತು. ಅವರು ತಮ್ಮ ಹೆಸರಿನಿಂದ ‘ಜೋಗತಿ’ ಎಂಬ ಪದವನ್ನು ತೆಗೆಯಲಿಲ್ಲ. ‘ಯೋಗಿ’ ಸವೆದು ‘ಜೋಗಿ’ಯಾಗಿ, ಅದರ ಹೆಣ್ಣು ‘ಜೋಗತಿ’ಯಾದ ಆ ಪದವನ್ನು ರಾಷ್ಟ್ರಪತಿ ಭವನದ ಹೊಸ್ತಿಲನ್ನು ದಾಟಿಸಿ ಒಳಗೆ ಕರೆದೊಯ್ದರು. ಪದ ತಾನಾಗಿ ಮೇಲೇಳುವುದಿಲ್ಲ. ಅದನ್ನು ಹೊತ್ತವರು ತಲೆಯೆತ್ತಿ ನಿಂತಾಗ ಅದೂ ಎದ್ದು ನಿಲ್ಲುತ್ತದೆ.

ಹಂಪಿಯ ಸ್ಥಳಪುರಾಣದಲ್ಲಿ ಪಂಪೆ ವಿರೂಪಾಕ್ಷನನ್ನು ಮೆಚ್ಚಿ, ತಾನಾಗಿ ತಪಸ್ಸು ಮಾಡಿ, ಅವನನ್ನು ವರಿಸಿದಳು. ಇಂದಿಗೂ ವರ್ಷವರ್ಷವೂ ಅವರಿಗೆ ನಿಶ್ಚಿತಾರ್ಥದ ಫಲಪೂಜೆ ನಡೆಯುತ್ತದೆ, ಕಲ್ಯಾಣ ನಡೆಯುತ್ತದೆ. ದೇವರನ್ನು ಮದುವೆಯಾದ ಹೆಣ್ಣು ನಮ್ಮ ನೆಲಕ್ಕೆ ಹೊಸಬಳಲ್ಲ. ಆದರೆ ಪಂಪೆ ತಾನೇ ಆರಿಸಿಕೊಂಡವಳು; ಬಸವಿ ಬಿಡಲ್ಪಟ್ಟವಳು. ಇಡೀ ಚರಿತ್ರೆಯ ನೋವು ಈ ಎರಡು ಕ್ರಿಯಾಪದಗಳ ನಡುವೆ ಇದೆ.

ಆ ಜಪಾನೀ ಮಹಿಳೆ ಮತ್ತೆ ಎದುರಾದರೆ ಈ ಬಾರಿ ನಾನು ತಡವರಿಸುವುದಿಲ್ಲ. ನಿಮ್ಮವರು ಪದವನ್ನು ಉಳಿಸಿಕೊಂಡು ಹೆಂಗಸಿನ ಬಾಯಿ ಮುಚ್ಚಿಸಿದರು. ನಮ್ಮವರು ಹೆಂಗಸನ್ನು ಬೀದಿಯಲ್ಲಿ ಬಿಟ್ಟು ಪದವನ್ನು ಕೆಡಿಸಿದರು ಎನ್ನುತ್ತೇನೆ. ‘ಬಸವಿ’ ಎಂದರೆ ಮಗಳನ್ನು ಮಗಳಾಗಿ ಒಪ್ಪಿಕೊಳ್ಳಲಾರದವರು ಅವಳಿಗೆ ಇಟ್ಟ ಹೆಸರು ಎಂದು ಬಿಡಿಸಿ ಹೇಳುತ್ತೇನೆ. ಈ ಪದ್ಧತಿ ಇನ್ನಿಲ್ಲವಾಗಲಿ; ಅದು ಇಲ್ಲವಾಗಲೇಬೇಕು. ಆದರೆ ಪದವನ್ನು ಬೈಗುಳವಾಗಿ ಬಳಸುವ ಹಕ್ಕು ನಮಗಿಲ್ಲ. ಆ ದಾಖಲಾತಿ ಪುಸ್ತಕ ಈಗ ಎಲ್ಲಿದೆಯೋ, ಗೆದ್ದಲು ಹಿಡಿದಿದೆಯೋ. ಕೈಗೆ ಸಿಕ್ಕರೆ ನಾನೆಳೆದ ಅಡ್ಡಗೆರೆಯ ಮೇಲೆ ಆ ತಾಯಿಯ ಹೆಸರನ್ನು ಬರೆಯುವ ಆಸೆ ನನಗಿದೆ. ಅಂದು ಆಕೆ ಕೇಳಿದ್ದು ಅಷ್ಟೇ.